ನೆಂಟರ ಊರಿಗೆ ಎಕ್ಸಿಟ್ ಯಾವುದು?

ಮಕ್ಕಳ ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾಯ್ತು ಅಂದ್ರೆ ವಿಜಯನಗರ, ರಾಜಾಜಿನಗರ, ಬಸವೇಶ್ವರನಗರದ ಮನೆಮನೆಯ ವಾಟ್ಸಾಪ್ ಗ್ರೂಪಿನಲ್ಲೂ ಒಂದೇ ಪ್ರಶ್ನೆ: 'ಈ ಸಲ ಎಲ್ಲಿಗೆ?' ಅಮೆರಿಕದಲ್ಲಿರುವ ಕಸಿನ್‌ಗಳು ಮಾರ್ಚ್‌ನಲ್ಲೇ 'ಸ್ಪ್ರಿಂಗ್ ಬ್ರೇಕ್' ಅಂತ ಸ್ಟೇಟಸ್ ಹಾಕಿ ಮುಗಿಸಿರ್ತಾರೆ. ನಮ್ಮ ವಸಂತ ಯುಗಾದಿಯ ಬೇವು-ಬೆಲ್ಲದಿಂದ ಶುರು. ಮಾರನೇ ದಿನ ಹೊಸತೊಡಕಿನ ಬಾಡೂಟ, ಆಮೇಲೆ ಮಕ್ಕಳ ರಜೆ. ಅದರ ಮಧ್ಯೆ ಆಫೀಸಿನಿಂದ ಹೇಗೋ ಗಿಟ್ಟಿಸಿಕೊಂಡ ಎರಡು ದಿನ ಲೀವ್. ಶನಿವಾರ, ಭಾನುವಾರ ಸೇರಿಸಿದರೆ ನಾಲ್ಕು.

ಆ ನಾಲ್ಕು ದಿನಕ್ಕೆ ಎಷ್ಟು ಅರ್ಜಿ ನೋಡಿ. ಮಕ್ಕಳಿಗೆ ನೀರಾಟ ಬೇಕು. ಅಪ್ಪನಿಗೆ ದೇವಸ್ಥಾನ. ನಮಗೆ ಒಂದಿಷ್ಟು ಒಳ್ಳೆ ಫೋಟೊ, ಎರಡು ಹೊತ್ತು ನಿದ್ದೆ. ಎಲ್ಲರ ಪಟ್ಟಿ ಮುಗಿದ ಮೇಲೆ ಅಡುಗೆಮನೆಯಿಂದ ಅಮ್ಮನ ದನಿ: 'ಹಾಗೇ ದಾರೀಲಿ ಮಂಡ್ಯದಲ್ಲಿ ಅತ್ತೆ ಮನೆಗೂ ಒಂದ್ನಿಮಿಷ ಹೋಗ್ಬರೋಣ ಕಣೋ.'

ಈ 'ಹಾಗೇ ದಾರೀಲಿ ಒಂದ್ನಿಮಿಷ' ಅನ್ನೋದರ ಬಗ್ಗೆಯೇ ಈ ವಾರದ ಅಂಕಣ. ಯಾಕಂದ್ರೆ ಅತ್ತೆ ಮನೆ ಈಗ ದಾರಿಯಲ್ಲಿಲ್ಲ.

ದಾರಿಯಲ್ಲಿದ್ದ ಊರುಗಳು

ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಕೆಂಪು ಬಸ್ಸು ಹತ್ತಿದವರಿಗೆಲ್ಲ ಆ ಊರುಗಳ ಸರಣಿ ಬಾಯಿಪಾಠ. ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಮೈಸೂರು. ಬಸ್ಸು ಒಂದೊಂದು ಊರಿನ ಒಳಗೂ ನುಗ್ಗಿ, ಸಂತೆ ಗದ್ದಲದಲ್ಲಿ ಹಾರ್ನ್ ಹೊಡೆದು, ನಿಂತು, ಜನ ಇಳಿಸಿ ಹತ್ತಿಸಿ ಹೋಗ್ತಿತ್ತು. ಮೂರು ಗಂಟೆ ಹಿಡೀತಿತ್ತು, ಕೆಲವು ಸಲ ನಾಲ್ಕು. ಆದರೆ ಮಂಡ್ಯದಲ್ಲಿ ಇಳಿಯೋದಕ್ಕೆ ಯಾರೂ ಪ್ಲಾನ್ ಮಾಡಬೇಕಿರಲಿಲ್ಲ. ಬಸ್ಸೇ ಅಲ್ಲಿಗೆ ಹೋಗಿ ನಿಲ್ತಿತ್ತು.

2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯ್ತು. ಸುಮಾರು 118 ಕಿಲೋಮೀಟರ್. ನಡುವೆ ಆರು ಲೇನ್, ಎರಡೂ ಪಕ್ಕಕ್ಕೆ ಸರ್ವಿಸ್ ರಸ್ತೆ. ಬಿಡದಿಗೆ ಬೈಪಾಸ್, ರಾಮನಗರ-ಚನ್ನಪಟ್ಟಣಕ್ಕೆ ಸೇರಿ ಇಪ್ಪತ್ತು ಚಿಲ್ಲರೆ ಕಿಲೋಮೀಟರಿನ ದೊಡ್ಡ ಬೈಪಾಸ್, ಮದ್ದೂರಿಗೆ ಮೇಲುರಸ್ತೆ, ಮಂಡ್ಯಕ್ಕೆ ಬೈಪಾಸ್, ಶ್ರೀರಂಗಪಟ್ಟಣಕ್ಕೂ ಬೈಪಾಸ್. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರಾಕ್ಟರ್‌ಗಳಿಗೆ ಮುಖ್ಯ ರಸ್ತೆ ಬಂದ್ ಆಯ್ತು. ಕಾರಿನವರಿಗೆ ಕೆಂಗೇರಿ ದಾಟಿದರೆ ಮೈಸೂರು ಒಂದೂವರೆ ಗಂಟೆ.

ಈ ರಸ್ತೆ ಬೇಡ ಅಂತ ನಾನು ಹೇಳ್ತಿಲ್ಲ. ಆಂಬುಲೆನ್ಸ್‌ಗೆ, ದಿನಾ ಓಡಾಡೋರಿಗೆ, ತರಕಾರಿ ಗಾಡಿಗೆ ಅದರ ಬೆಲೆ ಗೊತ್ತು. ಆದರೆ ಅದು ಒಂದು ಕೆಲಸವನ್ನು ಸದ್ದಿಲ್ಲದೆ ಮಾಡಿದೆ. ಮೊದಲು ನೆಂಟರ ಊರು ಪ್ರಯಾಣದ ಒಳಗೇ ಇತ್ತು, ಹೋಗದೆ ಇರೋಕೆ ನೆಪ ಹುಡುಕಬೇಕಿತ್ತು. ಈಗ ಹೋಗೋದಕ್ಕೇ ಎಕ್ಸಿಟ್ ಹುಡುಕಬೇಕು. ನೂರರ ವೇಗದಲ್ಲಿ ಹೋಗ್ತಿರುವಾಗ ಒಂದು ಎಕ್ಸಿಟ್ ತಪ್ಪಿದರೆ ಮುಂದಿನದು ಎಷ್ಟೋ ದೂರ. 'ಬಿಡು, ವಾಪಸ್ ಬರ್ತಾ ನೋಡೋಣ' ಅಂತೀವಿ. ವಾಪಸ್ ಬರುವಾಗ ಕತ್ತಲಾಗಿರುತ್ತೆ, ಮಗು ಮಲಗಿರುತ್ತೆ, ನಾಯಂಡಹಳ್ಳಿಯ ಟ್ರಾಫಿಕ್ ನೆನಪಾಗಿರುತ್ತೆ.

ನಮ್ಮ ಬೀದಿಯ ಒಂದು ಮನೆಯವರು ಹೇಳಿದ್ದು ಇದು. ಅವರ ದೊಡ್ಡಮ್ಮ ಇರೋದು ಚನ್ನಪಟ್ಟಣದಲ್ಲಿ. ಎಪ್ಪತ್ತು ದಾಟಿದ ಜೀವ. ಹೊಸ ರಸ್ತೆ ಆದ ಮೇಲೆ ಈ ಮನೆಯವರು ಮೈಸೂರಿಗೆ ಐದಾರು ಸಲ ಹೋಗಿಬಂದರು, ಎಲ್ಲದರ ಫೋಟೊನೂ ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದರು. ದೊಡ್ಡಮ್ಮ ಪ್ರತಿ ಫೋಟೊಗೂ ಕೈ ಮುಗಿಯೋ ಚಿತ್ರ ಕಳಿಸ್ತಿದ್ದರಂತೆ. ಒಂದು ಮದುವೆಯಲ್ಲಿ ಸಿಕ್ಕಾಗ ಕೇಳಿದರಂತೆ: 'ಅಲ್ಲ ಮಗಾ, ರೋಡು ಹಾಳಾಗಿದ್ದಾಗ ಬರ್ತಿದ್ರಿ. ರೋಡು ಚೆನ್ನಾಗಾದ್ ಮ್ಯಾಕೆ ಯಾಕ್ ಬರಾಕಿಲ್ಲ?'

ಬೈಗುಳ ಅಲ್ಲ, ನಿಜವಾಗ್ಲೂ ಗೊತ್ತಾಗದೆ ಕೇಳಿದ ಪ್ರಶ್ನೆ ಅದು. ಯಾರೂ ಜಗಳ ಆಡಿಲ್ಲ, ಆಸ್ತಿ ತಕರಾರಿಲ್ಲ, ಮನಸ್ತಾಪ ಇಲ್ಲ. ರಸ್ತೆ ಬದಲಾಯ್ತು, ಅಷ್ಟೇ.

ಮೊದಲು ಮನೆ, ಆಮೇಲೆ ಜಾಗ

ನಾವು ಟ್ರಿಪ್ ಪ್ಲಾನ್ ಮಾಡೋದು ಹೇಗೆ? ಮೊದಲು ನೋಡೋ ಜಾಗಗಳನ್ನು ಮ್ಯಾಪಿನಲ್ಲಿ ಗುರುತು ಹಾಕ್ತೀವಿ, ಹೋಟೆಲ್ ಬುಕ್ ಮಾಡ್ತೀವಿ. ಉಳಿದ ಸಂದಿಯಲ್ಲಿ ನೆಂಟರನ್ನು ತುರುಕ್ತೀವಿ. ಸಂದಿ ಅಂದ ಮೇಲೆ ಅದು ಮೊದಲು ಮುಚ್ಚಿಹೋಗೋದು ಸಹಜ.

ಇದನ್ನು ತಿರುವಿ ಹಾಕಿ ನೋಡಿ. ಮೊದಲು ಒಂದು ಮನೆ ಆರಿಸಿಕೊಳ್ಳಿ. ಒಂದೇ ಮನೆ. ಅದರ ಸುತ್ತ ಒಂದು ಗಂಟೆ ದಾರಿಯೊಳಗೆ ಏನೇನಿದೆ ಅಂತ ನೋಡಿ. ನಮ್ಮ ಕಡೆ ಹತ್ತು ಕಿಲೋಮೀಟರಿಗೊಂದು ನೋಡೋ ಜಾಗ ಇರೋದರಿಂದ ಯಾವ ಮನೆ ಆರಿಸಿದರೂ ಟ್ರಿಪ್ ಬಡವಾಗೋದಿಲ್ಲ.

ಇದಕ್ಕೆ ಏಪ್ರಿಲ್ ಬಿಸಿಲೇ ಸಹಾಯ ಮಾಡುತ್ತೆ. ಹನ್ನೊಂದು ಗಂಟೆಯಿಂದ ನಾಲ್ಕರವರೆಗೆ ನೀವು ಏನನ್ನೂ ನೆಟ್ಟಗೆ ನೋಡೋಕಾಗಲ್ಲ. ಕೋಟೆಯ ಕಲ್ಲು ಕಾದಿರುತ್ತೆ, ದೇವಸ್ಥಾನದ ಅಂಗಳದಲ್ಲಿ ಬರಿಗಾಲು ಇಡೋಕಾಗಲ್ಲ, ಹಕ್ಕಿಗಳೂ ನೆರಳಲ್ಲಿ ಕೂತಿರ್ತವೆ. ಆ ಐದು ಗಂಟೆಯನ್ನು ನಾವು ಹೆದ್ದಾರಿ ಪಕ್ಕದ ಹೋಟೆಲಿನ ಕ್ಯೂನಲ್ಲೋ, ಕಾರಿನ ಏಸಿಯಲ್ಲೋ ಕಳೀತೀವಿ. ಅದನ್ನೇ ನೆಂಟರ ಮನೆಗೆ ಕೊಟ್ಟರೆ? ಬೆಳಿಗ್ಗೆ ಐದೂವರೆಗೆ ಮನೆ ಬಿಡಿ, ಹತ್ತೂವರೆವರೆಗೆ ಸುತ್ತಿ, ಹನ್ನೊಂದಕ್ಕೆ ನೆಂಟರ ಮನೆ ಸೇರಿ. ಊಟ, ಚಾಪೆ, ಫ್ಯಾನು, ಮಾತು. ನಾಲ್ಕೂವರೆಗೆ ಕಾಫಿ ಕುಡಿದು ಅವರನ್ನೂ ಕಾರಿಗೆ ಹತ್ತಿಸಿಕೊಂಡು ಹೊರಡಿ.

ಗಮನಿಸಿ, ಈ ಲೆಕ್ಕದಲ್ಲಿ ನೋಡುವ ಜಾಗ ಒಂದೂ ಕಡಿಮೆಯಾಗಲಿಲ್ಲ.

ಎರಡು ದಿನದ ಒಂದು ದಾರಿ

ಬರೀ ಮಾತಾಡಿದರೆ ಆಗಲ್ಲ, ಒಂದು ಉದಾಹರಣೆ ಕೊಡ್ತೀನಿ. ಮಂಡ್ಯದಲ್ಲಿ ನನ್ನ ಸೋದರತ್ತೆ ಇದ್ದಾರೆ. ಆ ಮನೆಯನ್ನು ನಡುವೆ ಇಟ್ಟುಕೊಂಡು ನಾವು ಮಾಡುವ ಟ್ರಿಪ್ ಇದು.

ವಿಜಯನಗರ ಬಿಟ್ಟು ಕೆಂಗೇರಿ ದಾಟುವ ಹೊತ್ತಿಗೆ ಮ್ಯಾಪಿನಲ್ಲಿ 'ಅವಾಯ್ಡ್ ಟೋಲ್ಸ್' ಅನ್ನೋ ಆಯ್ಕೆ ಆನ್ ಮಾಡ್ಕೊಳ್ಳಿ. ಮ್ಯಾಪು ಇದ್ದಕ್ಕಿದ್ದ ಹಾಗೆ ಹಳೇ ರಸ್ತೆ ತೋರಿಸೋಕೆ ಶುರು ಮಾಡುತ್ತೆ, ಊರೊಳಗಿನ ರಸ್ತೆ. ಮುಂಜಾನೆ ಆರು ಗಂಟೆಗೆ ಅಲ್ಲಿ ಟ್ರಾಫಿಕ್ ಇರೋದಿಲ್ಲ. ಬಿಡದಿಯಲ್ಲಿ ತಟ್ಟೆ ಇಡ್ಲಿ, ಮೇಲೊಂದು ಉಂಡೆ ಬೆಣ್ಣೆ. ರಾಮನಗರದಲ್ಲಿ ಬಂಡೆಗಳ ಮೇಲೆ ಬೆಳಕು ಬೀಳ್ತಿರುತ್ತೆ. 1975ರಲ್ಲಿ ತೆರೆಕಂಡ 'ಶೋಲೆ'ಯ ಗಬ್ಬರ್ ಓಡಾಡಿದ್ದು ಈ ಬಂಡೆಗಳ ನಡುವೆಯೇ ಅಂತ ಅಪ್ಪ ಪ್ರತಿ ಸಲವೂ ಹೇಳ್ತಾರೆ, ಮಕ್ಕಳು ಪ್ರತಿ ಸಲವೂ 'ಗಬ್ಬರ್ ಅಂದ್ರೆ ಯಾರು?' ಅಂತಾರೆ. ಅಲ್ಲೇ ಇರೋ ರಾಮದೇವರ ಬೆಟ್ಟ ರಣಹದ್ದುಗಳ ಧಾಮ. ಇಡೀ ದೇಶದಲ್ಲಿ ರಣಹದ್ದಿಗೆ ಅಂತಲೇ ಮೊದಲು ಘೋಷಣೆಯಾದ ಧಾಮ ಇದು, 2012ರಲ್ಲಿ.

ಚನ್ನಪಟ್ಟಣ ದಾಟಿ, ಮದ್ದೂರಿಗೆ ಸ್ವಲ್ಪ ಮೊದಲು ರುದ್ರಾಕ್ಷಿಪುರ ಅಂತ ಬರುತ್ತೆ. ಅಲ್ಲಿಂದ ಎಡಕ್ಕೆ ತಿರುಗಿ ಹತ್ತು-ಹನ್ನೆರಡು ಕಿಲೋಮೀಟರ್ ಹೋದರೆ ಕೊಕ್ಕರೆ ಬೆಳ್ಳೂರು. ಬೇಲಿ ಇಲ್ಲದ ಪಕ್ಷಿಧಾಮ. ಊರಿನ ಹುಣಸೆ ಮರ, ಅತ್ತಿ ಮರಗಳ ಮೇಲೆ, ಮನೆ ಹಂಚಿನ ಪಕ್ಕದಲ್ಲೇ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿರ್ತವೆ. ಚಳಿಗಾಲದಲ್ಲಿ ಬಂದವು ಮರಿ ಮಾಡಿ, ಮಳೆಗಾಲದ ಹೊತ್ತಿಗೆ ಹೋಗ್ತವೆ. ಏಪ್ರಿಲ್ ಹೊತ್ತಿಗೆ ಮರಿಗಳ ಗಲಾಟೆ ಜೋರು.

ಆ ಊರಿನವರು ಈ ಹಕ್ಕಿಗಳ ಬಗ್ಗೆ ಒಂದು ಮಾತು ಹೇಳ್ತಾರೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಅವು. ಅದಕ್ಕೇ ಗೂಡಿರೋ ಮರ ಕಡಿಯಲ್ಲ, ಹಕ್ಕಿ ಓಡಿಸಲ್ಲ. ಹಿಕ್ಕೆಯ ವಾಸನೆ, ಮೇಲಿಂದ ಬೀಳೋ ಮೀನಿನ ತುಂಡು ಎಲ್ಲವನ್ನೂ ಸಹಿಸ್ಕೊಳ್ತಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡೋಕೆ ಊರಿನ ಹುಡುಗರೇ 'ಹೆಜ್ಜಾರ್ಲೆ ಬಳಗ' ಕಟ್ಟಿಕೊಂಡಿದ್ದಾರೆ. ನಮ್ಮ ಅಮ್ಮ ಆ ಮರದ ಕೆಳಗೆ ನಿಂತು ಅಂದದ್ದು: 'ನೋಡು, ಹಕ್ಕಿಗೂ ತವರು ಮನೆ ಮರೆಯಲ್ಲ.' ಯಾರನ್ನೂ ಚುಚ್ಚೋಕೆ ಹೇಳಿದ್ದಲ್ಲ, ಆದರೂ ನಾವೆಲ್ಲ ಸ್ವಲ್ಪ ಹೊತ್ತು ಮೇಲೇ ನೋಡ್ತಾ ನಿಂತಿದ್ವಿ.

ಅಲ್ಲಿಂದ ಮದ್ದೂರು. ಒಂದು ವಡೆ, ಒಂದು ಎಳನೀರು. ರೈಲ್ವೆ ಸ್ಟೇಷನ್ನಿನಲ್ಲಿ 1917ರಲ್ಲಿ ಶುರುವಾಯ್ತು ಅಂತ ಹೇಳುವ ಮದ್ದೂರು ವಡೆಯ ಗುಟ್ಟು ಅಕ್ಕಿ ಹಿಟ್ಟು, ರವೆ, ಮೈದಾ ಮತ್ತು ಧಾರಾಳ ಈರುಳ್ಳಿ. ರೈಲು ನಿಂತ ಹೊತ್ತಿನಲ್ಲಿ ಕೈಗೆ ಕೊಡಬೇಕಾದ ತಿಂಡಿ, ಎರಡು ದಿನ ಇಟ್ಟರೂ ಕೆಡಬಾರದ ತಿಂಡಿ. ಎಳನೀರಿಗಂತೂ ಮದ್ದೂರಿನ ಮಾರುಕಟ್ಟೆ ದೊಡ್ಡ ಹೆಸರು.

ಹನ್ನೊಂದಕ್ಕೆ ಮಂಡ್ಯ. ಅತ್ತೆ ಗೇಟಿನಲ್ಲೇ ನಿಂತಿರ್ತಾರೆ. 'ಬಂದ್ರಾ? ಕೈಕಾಲ್ ತೊಳ್ಕಳಿ, ಮುದ್ದೆ ಬಿಸಿ ಇದೆ' ಅನ್ನೋದು ಸ್ವಾಗತ ಭಾಷಣ. ಉಪ್ಪೆಸರು ಇರುತ್ತೆ. ಮಕ್ಕಳು ಮೊದಲ ತುತ್ತಿಗೆ ಮುಖ ಸಿಂಡರಿಸಿ, ಎರಡನೇ ದಿನ ತಾವೇ ಕೇಳ್ತಾರೆ.

ಮ್ಯಾಪಿಗೆ ಗೊತ್ತಿಲ್ಲದ ಜಾಗ

ಸಂಜೆಯದೇ ನಿಜವಾದ ಲಾಭ. ನಾವೇ ಹೋಗಿದ್ದರೆ 'ಮಂಡ್ಯದಲ್ಲಿ ನೋಡುವ ಜಾಗ' ಅಂತ ಫೋನಿನಲ್ಲಿ ಹುಡುಕ್ತಿದ್ವಿ. ಮಾವ ಕಾರಿನ ಮುಂದಿನ ಸೀಟಿನಲ್ಲಿ ಕೂತರೆ ಬೇರೆಯೇ ಮ್ಯಾಪು ತೆರೆದುಕೊಳ್ಳುತ್ತೆ. ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ಕರ್ಕೊಂಡು ಹೋಗಿ, ಈ ನೀರು ಬರೋ ಮೊದಲು ಇಲ್ಲಿ ರಾಗಿ ಬಿಟ್ಟರೆ ಬೇರೆ ಬೆಳೆ ಇರಲಿಲ್ಲ ಅಂತ ಅವರ ತಂದೆ ಹೇಳ್ತಿದ್ದ ಕಥೆ ಹೇಳ್ತಾರೆ. ಕಬ್ಬು ಬಂದದ್ದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದದ್ದು, ಅದರ ಸೈರನ್ ಕೇಳಿ ಊರು ಹೊತ್ತು ತಿಳೀತಿದ್ದದ್ದು. ಬೇಸಿಗೆಯಲ್ಲಿ ಪೇಪರಿನಲ್ಲಿ ದಿನಾ ಬರುವ ಕೆಆರ್‌ಎಸ್ ನೀರಿನ ಮಟ್ಟವನ್ನು ನಾವು ಸುದ್ದಿ ಅಂತ ಓದ್ತೀವಿ. ಜಲಾಶಯ ತುಂಬಿದರೆ 124.80 ಅಡಿ. ಮಾವನಿಗೆ ಆ ಅಂಕಿ ಅಂದ್ರೆ ಈ ಸಲ ಎರಡನೇ ಬೆಳೆ ಉಂಟೋ ಇಲ್ಲವೋ ಅನ್ನೋ ತೀರ್ಮಾನ.

ನಾಲೆ ಪಕ್ಕದಲ್ಲೇ ಪರಿಚಯದವರ ಆಲೆಮನೆ. ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯೋದು, ಅಚ್ಚಿಗೆ ಸುರಿಯೋದು, ಬಿಸಿ ಬೆಲ್ಲ ಎಲೆ ಮೇಲೆ ಹಾಕಿ ಕೊಡೋದು. ನನ್ನ ಮಗಳು ಬೆಲ್ಲ ಅಂದ್ರೆ ಅಂಗಡಿಯ ಪ್ಯಾಕೆಟ್ಟು ಅಂದ್ಕೊಂಡಿದ್ದಳು. ಟಿಕೆಟ್ಟಿಲ್ಲ, ಕ್ಯೂ ಇಲ್ಲ, ರೇಟಿಂಗೂ ಇಲ್ಲ. ಆದರೆ ಆ ರಜೆಯಲ್ಲಿ ಅವಳು ಸ್ಕೂಲ್ ಡೈರಿಗೆ ಬರೆದದ್ದು ಅದನ್ನೇ.

ಇನ್ನೊಂದು ಸಂಜೆ ಮೇಲುಕೋಟೆ. ಮಂಡ್ಯದಿಂದ ಒಂದು ಗಂಟೆ ದಾರಿ. ಮಾರ್ಚ್-ಏಪ್ರಿಲ್‌ನಲ್ಲಿ ವೈರಮುಡಿ ಉತ್ಸವ ಇರೋದರಿಂದ ಆ ದಿನ ನೋಡಿಕೊಂಡು ಹೋಗಬೇಕು, ಜನಸಾಗರ. ಉಳಿದ ದಿನ ಸಂಜೆ ಐದಕ್ಕೆ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತರೆ ಕಲ್ಲು ತಣ್ಣಗಾಗ್ತಾ ಬಂದಿರುತ್ತೆ. ಮಂಡಿ ನೋವಿನ ಅತ್ತೆ ಕೆಳಗೇ ಕೂತು ಪುಳಿಯೋಗರೆ ಕಾಯ್ತಾರೆ, ನಾವು ಬೆಟ್ಟ ಹತ್ತಿ ಯೋಗಾನರಸಿಂಹನನ್ನು ನೋಡಿ ಬರ್ತೀವಿ. ಅತ್ತೆಗೆ ಮೇಲುಕೋಟೆಗೆ ಬರದೆ ಎಷ್ಟೋ ವರ್ಷ ಆಗಿತ್ತಂತೆ. ಮನೆಯಿಂದ ಒಂದೇ ಗಂಟೆ, ಆದರೆ ಕರ್ಕೊಂಡು ಬರೋರು ಬೇಕಲ್ಲ. ನಮ್ಮ ಟ್ರಿಪ್ಪು ಅವರಿಗೂ ಟ್ರಿಪ್ಪೇ ಅನ್ನೋದು ಆವತ್ತು ಗೊತ್ತಾಗುತ್ತೆ.

ಮಾರನೇ ದಿನ ಬೆಳಿಗ್ಗೆ ರಂಗನತಿಟ್ಟು. ಸಲೀಂ ಅಲಿಯವರ ಸಲಹೆಯ ಮೇಲೆ 1940ರಲ್ಲಿ ಪಕ್ಷಿಧಾಮವಾದ ಜಾಗ, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿದೆ. ಮೊದಲ ದೋಣಿಗಳಲ್ಲೇ ಹೋದರೆ ಮೊಸಳೆ ಬಂಡೆ ಮೇಲೆ ಬಿಸಿಲು ಕಾಯಿಸ್ತಾ ಇರುತ್ತೆ. ಆಮೇಲೆ ಶ್ರೀರಂಗಪಟ್ಟಣ: ರಂಗನಾಥನ ಗುಡಿ, 1784ರ ದರಿಯಾ ದೌಲತ್, 1799ರ ಮೇ 4ರಂದು ಟಿಪ್ಪು ಬಿದ್ದ ಜಾಗ. ದರಿಯಾ ದೌಲತ್‌ನ ಒಳಗೆ ತಂಪಾಗಿರುತ್ತೆ, ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮಧ್ಯಾಹ್ನ ಮತ್ತೆ ಮಂಡ್ಯದಲ್ಲಿ ಊಟ, ನಿದ್ದೆ. ನಾಲ್ಕಕ್ಕೆ ಹೊರಟು ಹಳೇ ರಸ್ತೆಯಲ್ಲೇ ಚನ್ನಪಟ್ಟಣ. ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿ ಮಾಡುವ ಬೊಂಬೆಗಳು, ಸಾಧ್ಯವಾದರೆ ಕಡೆಯೋರ ಮನೆಯಿಂದಲೇ ಕೊಳ್ಳಿ. ತಿರುಗೋ ಮರಕ್ಕೆ ಅರಗಿನ ಕಡ್ಡಿ ಒತ್ತಿದ ತಕ್ಷಣ ಬಣ್ಣ ಹಿಡಿಯೋದನ್ನು ನೋಡಿದರೆ ಮಕ್ಕಳು ಅಲ್ಲಿಂದ ಏಳಲ್ಲ.

ಬೇರೆ ದಾರಿಯವರಿಗೂ ಇದೇ ಲೆಕ್ಕ

ರಾಜಾಜಿನಗರದಿಂದ ತುಮಕೂರು ರಸ್ತೆ ಹಿಡಿಯೋರು ನೆಲಮಂಗಲದಲ್ಲಿ ಎಡಕ್ಕೆ ತಿರುಗಿದರೆ ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ. ಬಸವೇಶ್ವರನಗರದವರಿಗೆ ಮಾಗಡಿ ರಸ್ತೆಯೇ ಇದೆ. ಹಾಸನದ ದಾರಿಯಲ್ಲೂ ಈಗ ಬೈಪಾಸ್‌ಗಳೇ. ಅಲ್ಲೂ ಬಿಸಿಲಿನ ಸೂತ್ರ ಹಾಗೇ ಕೆಲಸ ಮಾಡುತ್ತೆ. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲಲ್ಲೇ ಹತ್ತಬೇಕು. ಒಂಬತ್ತರೊಳಗೆ ಇಳಿದುಬಿಡಬೇಕು. ಮಧ್ಯಾಹ್ನ ಚನ್ನರಾಯಪಟ್ಟಣದ ಚಿಕ್ಕಮ್ಮನ ಮನೆಯೋ ಹಾಸನದ ಭಾವನ ಮನೆಯೋ. ಸಂಜೆ ಬೇಲೂರು ಅಥವಾ ಹಳೇಬೀಡು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವನ ಗುಡಿ, ಹಳೇಬೀಡು, ಸೋಮನಾಥಪುರ ಸೇರಿ ಹೊಯ್ಸಳರ ಮೂರು ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿವೆ. ಸಂಜೆಯ ಓರೆ ಬೆಳಕಿನಲ್ಲಿ ಆ ಕೆತ್ತನೆ ಎದ್ದು ಕಾಣುತ್ತೆ, ಫೋಟೊಗೂ ಅದೇ ಹೊತ್ತು ಒಳ್ಳೆಯದು.

ಡ್ರೈವಿಂಗ್ ಬೇಡ ಅನ್ನೋರಿಗೆ ಇನ್ನೊಂದು ಮಾತು. ಬೈಪಾಸ್ ಮಾಡದ ದಾರಿ ಒಂದು ಇನ್ನೂ ಇದೆ, ರೈಲು. ಕೆಂಗೇರಿ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಹತ್ತಿದರೆ ಅದು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲದರಲ್ಲೂ ನಿಲ್ಲುತ್ತೆ. ವಯಸ್ಸಾದ ಅಪ್ಪ-ಅಮ್ಮನ ಸೊಂಟಕ್ಕೂ ಒಳ್ಳೆಯದು.

ನೆಂಟರ ಮನೆ ಲಾಡ್ಜ್ ಅಲ್ಲ

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಕವನ್ನೂ ಹೇಳಬೇಕು. ಐದು ಜನ ಒಂದು ಮನೆಗೆ ಹೋಗಿ ಇಳಿದರೆ ಆ ಮನೆಯ ಹೆಂಗಸರಿಗೆ ಎರಡು ದಿನ ಅಡುಗೆಮನೆಯೇ ಪ್ರವಾಸಿ ತಾಣ. 'ಸರ್‌ಪ್ರೈಸ್ ಕೊಡೋಣ' ಅನ್ನೋದು ನಮಗೆ ಖುಷಿ, ಅವರಿಗೆ ಗಾಬರಿ. ವಾರ ಮೊದಲು ಫೋನ್ ಮಾಡಿ. ಅಮ್ಮನ ಕೈಲಿ ಮಾಡಿಸೋದಲ್ಲ, ನೀವೇ ಮಾಡಿ. ಎಷ್ಟು ಜನ, ಎಷ್ಟು ಹೊತ್ತು, ಯಾರಿಗೆ ಏನು ಆಗಲ್ಲ ಅಂತ ಹೇಳಿ. ಒಂದು ಹೊತ್ತಿನ ಊಟ ನಿಮ್ಮದು: ಹೊರಗೆ ಕರ್ಕೊಂಡು ಹೋಗಿ, ಇಲ್ಲವೇ ನೀವು ಅಡುಗೆ ಮಾಡಿ. ತರಕಾರಿ ಹೆಚ್ಚೋಕೆ ಸೊಸೆಯನ್ನು ಮಾತ್ರ ಅಲ್ಲ, ಮಗನನ್ನೂ ಕೂರಿಸಿ.

ಮನೆ ಚಿಕ್ಕದಿದ್ದರೆ, ಅಪ್ಪನಿಗೆ ಕಮೋಡ್ ಬೇಕೇ ಬೇಕು ಅಂದ್ರೆ, ಅದೇ ಊರಿನಲ್ಲಿ ಒಂದು ರೂಮು ಮಾಡಿ ಮಲಗಿ. ಊಟ, ಮಾತು ಮನೆಯಲ್ಲಿ. ಇದರಲ್ಲಿ ಅವಮಾನ ಯಾರಿಗೂ ಇಲ್ಲ. ಮೊದಲೇ ಪ್ರೀತಿಯಿಂದ ಹೇಳಿದರೆ ಅವರೇ 'ಹಂಗೇ ಮಾಡಿ ಮಗಾ, ಸೆಕೆ ಬೇರೆ' ಅಂತಾರೆ.

ಒಂದು ಟ್ರಿಪ್ಪಿಗೆ ಒಂದೇ ಮನೆ ಅಂದಿದ್ದೆ. ಎಂಟು ಮನೆಗೆ ಹದಿನೈದು ಹದಿನೈದು ನಿಮಿಷ ಹೋಗಿ, ಎಂಟು ಲೋಟ ಜ್ಯೂಸು ಕುಡಿದು, ಎಂಟು ಸಲ 'ಹೊರಡ್ತೀವಿ' ಅಂದರೆ ಅದು ಹಾಜರಿ ಹಾಕಿದ ಹಾಗೆ. ಒಂದು ಮನೆಯಲ್ಲಿ ಒಂದು ರಾತ್ರಿ ಉಳಿದರೆ ಮಾತ್ರ ಊಟ ಆದ ಮೇಲಿನ ಮಾತು ಬರುತ್ತೆ. ಆರೋಗ್ಯ, ಸಾಲ, ಮಗನ ಕೆಲಸದ ಚಿಂತೆ, ಮೊಮ್ಮಗಳ ಕಾಲೇಜು ಇವೆಲ್ಲ ಫೋನಿನಲ್ಲಿ 'ಚೆನ್ನಾಗಿದೀವಿ ಮಗಾ' ಅನ್ನೋ ಎರಡು ಪದದಲ್ಲಿ ಮುಚ್ಚಿಹೋಗಿರ್ತವೆ. ರಾತ್ರಿ ಒಂಬತ್ತೂವರೆಗೆ ಅಂಗಳದಲ್ಲಿ ಕುರ್ಚಿ ಹಾಕಿದಾಗ ಹೊರಗೆ ಬರ್ತವೆ. ಉಳಿದ ಏಳು ಮನೆಗೆ ಮುಂದಿನ ರಜೆಗಳಿವೆ.

ಪ್ರಶ್ನೆಗಳಿಗೆ ಹೆದರೋರಿಗೆ

ನಿಜ ಹೇಳಿ, ನಮ್ಮ ವಯಸ್ಸಿನವರು ನೆಂಟರ ಮನೆ ತಪ್ಪಿಸೋಕೆ ಕಾರಣ ಎಕ್ಸಿಟ್ ಒಂದೇ ಅಲ್ಲ. 'ಸಂಬಳ ಎಷ್ಟು?', 'ಮದುವೆ ಯಾವಾಗ?', 'ಎರಡನೇದು ಯಾವಾಗ?' ಈ ಮೂರು ಟೋಲ್‌ಗೇಟ್‌ಗಳಿಗೆ ಫಾಸ್ಟ್ಯಾಗ್ ಇಲ್ಲ.

ನನಗೆ ತಿಳಿದ ಉಪಾಯ ಒಂದೇ. ಅವರು ಪ್ರಶ್ನೆ ಕೇಳೋದು ಬಹಳ ಸಲ ಬೇರೆ ಮಾತು ತೋಚದೆ. ಮಾತನ್ನು ನಾವೇ ತೆಗೆದುಕೊಡಬೇಕು. 'ಮಾವ, ನಿಮ್ಮ ಮದುವೆಗೆ ದಿಬ್ಬಣ ಹೇಗ್ ಹೋಯ್ತು?' ಅಂತ ಕೇಳಿ ನೋಡಿ. ಎತ್ತಿನ ಗಾಡಿಯಿಂದ ಶುರುವಾಗಿ ಒಂದು ಗಂಟೆ ನಿಮ್ಮ ಸಂಬಳದ ಸುದ್ದಿ ಬರಲ್ಲ. ಕೇಳಿ ರೆಕಾರ್ಡ್ ಮಾಡಿಕೊಳ್ಳಿ. ಅಜ್ಜನ ಅಪ್ಪನ ಹೆಸರೇನು, ಯಾವ ಊರಿನಿಂದ ಬಂದರು, ಮನೆದೇವರು ಯಾವುದು ಅನ್ನೋದನ್ನು ಹೇಳೋ ಜನ ಒಂದೊಂದು ಕುಟುಂಬದಲ್ಲಿ ಈಗ ಇಬ್ಬರೋ ಮೂವರೋ ಉಳಿದಿರ್ತಾರೆ.

ಏನು ತಗೊಂಡು ಹೋಗಬೇಕು? ಶುಗರ್ ಇರೋ ಮನೆಗೆ ಒಂದು ಕಿಲೋ ಸ್ವೀಟು ಯಾಕೆ? ಹಣ್ಣು ಇರಲಿ. ಹಳೇ ಫ್ಯಾಮಿಲಿ ಫೋಟೊ ಒಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಮತ್ತೆ ನಮ್ಮ ತಲೆಮಾರಿಗೆ ಮಾತ್ರ ಕೊಡೋಕಾಗುವ ಉಡುಗೊರೆ ಒಂದಿದೆ: ಅವರ ಫೋನು. ಅಕ್ಷರ ದೊಡ್ಡದು ಮಾಡಿಕೊಡಿ. 'ಸ್ಟೋರೇಜ್ ಫುಲ್' ಅಂತ ತಿಂಗಳುಗಟ್ಟಲೆ ಅಳ್ತಿರೋದನ್ನು ಖಾಲಿ ಮಾಡಿಕೊಡಿ. ಓಟಿಪಿ ಯಾರಿಗೂ ಹೇಳಬಾರದು, ಪೊಲೀಸ್ ಅಂತ ವಿಡಿಯೊ ಕಾಲ್ ಬಂದರೆ ಕಟ್ ಮಾಡಬೇಕು ಅಂತ ಕೂರಿಸಿ ಹೇಳಿ. ಆಮೇಲೆ 'ಏನಾದ್ರೂ ಡೌಟ್ ಬಂದ್ರೆ ಮೊದ್ಲು ನಂಗೆ ಫೋನ್ ಮಾಡಿ' ಅನ್ನಿ. ಆಫೀಸಿನಲ್ಲಿ ದಿನವಿಡೀ ಮಾಡುವ ಕೆಲಸದಲ್ಲಿ ಇಷ್ಟು ಬೇಗ ಉಪಯೋಗಕ್ಕೆ ಬರೋದು ಕಡಿಮೆಯೇ.

ಮಕ್ಕಳ ಲೆಕ್ಕ

ಕೊನೆಗೆ ಇದನ್ನು ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ, ನಮಗೆ ಈ ಊರುಗಳು ಗೊತ್ತು. ರಜೆಯಲ್ಲಿ ತಿಂಗಳುಗಟ್ಟಲೆ ಅಜ್ಜಿ ಮನೆಯಲ್ಲಿ ಬಿದ್ದಿದ್ದು, ನಾಲೆಯಲ್ಲಿ ಈಜಿದ್ದು, ಮಾವಿನಕಾಯಿಗೆ ಉಪ್ಪು-ಖಾರ ಹಚ್ಚಿದ್ದು. ಒಂದೆರಡು ವರ್ಷ ಹೋಗದಿದ್ದರೂ ನಮಗೆ ಆ ಸಂಬಂಧ ಒಳಗೆ ಇರುತ್ತೆ. ನಮ್ಮ ಮಕ್ಕಳಿಗೆ ಹಾಗಲ್ಲ. ಅವರಿಗೆ ಗೊತ್ತಿರೋ ದಾರಿ ಅಂದ್ರೆ ಎಕ್ಸ್‌ಪ್ರೆಸ್‌ವೇ. ಮಂಡ್ಯ ಅಂದ್ರೆ ಹಸಿರು ಬೋರ್ಡಿನ ಮೇಲಿನ ಒಂದು ಹೆಸರು. ಆ ಹೆಸರಿನ ಕೆಳಗೆ ಒಂದು ಗೇಟು, ಒಂದು ಮುಖ, ಬಿಸಿ ಮುದ್ದೆಯ ವಾಸನೆ ಸೇರಿಸಿ ಕೊಡೋಕೆ ನಮಗೆ ಸಿಗೋದು ಅವರ ಹತ್ತು-ಹನ್ನೆರಡು ಬೇಸಿಗೆ ರಜೆಗಳು. ಆಮೇಲೆ ಟ್ಯೂಷನ್ನು, ಕೋಚಿಂಗು, ಅವರದೇ ಸ್ನೇಹಿತರು.

ಅತ್ತ ಕಡೆಯ ಲೆಕ್ಕ ಇನ್ನೂ ಚಿಕ್ಕದು. ಎಪ್ಪತ್ತೈದು ದಾಟಿದ ಅತ್ತೆಗೆ ಇನ್ನೆಷ್ಟು ಯುಗಾದಿ ಅನ್ನೋದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ. ಹೇಳೋದೂ ಬೇಡ.

ಹಾಗಾಗಿ ಈ ಸಲ ಮ್ಯಾಪು ತೆರೆದಾಗ ಮೈಸೂರು ಅಂತ ಟೈಪ್ ಮಾಡೋ ಮೊದಲು ನೆಂಟರ ಮನೆಯ ವಿಳಾಸ ಟೈಪ್ ಮಾಡಿ. ವಿಳಾಸ ಗೊತ್ತಿಲ್ಲ ಅಂದ್ರೆ ಇನ್ನೂ ಒಳ್ಳೆಯದು, ಕೇಳೋಕೆ ಫೋನ್ ಮಾಡಬೇಕಾಗುತ್ತೆ. ಎಕ್ಸಿಟ್ ಯಾವುದು ಅಂತ ಅವರೇ ಹೇಳ್ತಾರೆ: 'ಫ್ಲೈಓವರ್ ಹತ್ಬೇಡಿ ಮಗಾ, ಕೆಳಗಿನ ರೋಡ್‌ನಲ್ಲೇ ಬನ್ನಿ, ಸರ್ಕಲ್ ಹತ್ರ ನಿಮ್ ಮಾವ ನಿಂತಿರ್ತಾರೆ.'

ನಿಮ್ಮ ನೆಂಟರ ಊರು ಯಾವ ಎಕ್ಸಿಟ್? ಅಲ್ಲಿ ಅವರು ಮಾತ್ರ ತೋರಿಸಬಲ್ಲ ಜಾಗ ಯಾವುದು? ಹೋಗಿಬಂದು ಬರೆಯಿರಿ.